ಮಾಂಬಳ್ಳಿ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ

ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಟೀ ಕುಡಿಯುವಾಗ ಕೇಳಿದ, "ನಿಮ್ಮೂರು ಯಾವುದು ಸರ್?"

"ಮಾಂಬಳ್ಳಿ."

"ಎಲ್ಲಿ ಬರುತ್ತೆ?"

"ಯಳಂದೂರು ತಾಲೂಕು. ಬಿಳಿಗಿರಿರಂಗನ ಬೆಟ್ಟ ಗೊತ್ತಲ್ವಾ, ಆ ಕಡೆ."

ನಾನು ಹೇಳಿ ಮುಗಿಸೋದರೊಳಗೆ ಅವನು ಮೊಬೈಲ್ ತೆಗೆದು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿಬಿಟ್ಟಿದ್ದ. ನೋಡ್ತಾ ನೋಡ್ತಾ ಮುಖದಲ್ಲಿ ಸಣ್ಣಗೆ ನಗು. "ಏನ್ ಸರ್, ನಿಮ್ಮೂರಲ್ಲಿ ಬರೀ ಕಳ್ಳತನ, ಇಸ್ಪೀಟು, ಹೊಡೆದಾಟಾನೇ?"

ಮೊಬೈಲ್ ಇಸಕೊಂಡು ನೋಡಿದೆ. ಎಲ್ಲೋ ಬೈಕ್ ಕಳುವಾಗಿದೆ. ಇನ್ನೆಲ್ಲೋ ಜಮೀನಿನ ಬದುವಿನ ಮೇಲೆ ಜಗಳ. ಮತ್ತೊಂದು ಕಡೆ ಜೂಜು, ಇಷ್ಟು ಜನ ವಶಕ್ಕೆ. ಇವುಗಳಲ್ಲಿ ಒಂದೂ ಮಾಂಬಳ್ಳಿಯಲ್ಲಿ ನಡೆದದ್ದಲ್ಲ, ಸುತ್ತಮುತ್ತಲ ಬೇರೆ ಬೇರೆ ಊರಿನವು. ಆದರೆ ಪ್ರತಿ ವರದಿಯ ಕೊನೆಗೂ ಅದೇ ಸಾಲು: ಮಾಂಬಳ್ಳಿ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಠಾಣೆ ಇರೋದು ನಮ್ಮೂರಿನ ಹೆಸರಲ್ಲಿ, ಆದ್ದರಿಂದ ಸುತ್ತಲ ಹಳ್ಳಿಗಳ ತಂಟೆ ತಕರಾರೆಲ್ಲ ನಮ್ಮೂರಿನ ಖಾತೆಗೆ ಜಮೆ.

ಅವನಿಗೆ ಇದನ್ನು ವಿವರಿಸಿದೆ. "ಓ, ಹಂಗಾ" ಅಂದ. ನಂಬಿದ ಹಾಗೆ ಕಾಣಲಿಲ್ಲ.

ಅವತ್ತು ರಾತ್ರಿ ಯೋಚನೆ ಮಾಡಿದೆ. ನಮ್ಮೂರಿನ ಬಗ್ಗೆ ಯಾರೂ ಬೇಕಂತ ಕೆಟ್ಟದಾಗಿ ಬರೆದಿಲ್ಲ. ಪೊಲೀಸರು ದೂರು ಬರೆದುಕೊಂಡರು, ವರದಿಗಾರರು ಅದನ್ನೇ ಸುದ್ದಿ ಮಾಡಿದರು. ಇಬ್ಬರೂ ಅವರವರ ಕೆಲಸ ಮಾಡಿದ್ದಾರೆ. ಬರೆಯದೇ ಇದ್ದವರು ನಾವು. ಊರಲ್ಲಿ ಓದಿದವರಿದ್ದೀವಿ, ಬೆಂಗಳೂರಲ್ಲಿ ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟುವವರಿದ್ದೀವಿ. ಆದರೆ ಊರಿನ ಬಗ್ಗೆ ಒಂದು ಪುಟ ಬರೆದವರಿಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ಹುಡುಕುವ ಯಂತ್ರಕ್ಕೆ ಕೇಳಿಸೋದಿಲ್ಲ. ಅದಕ್ಕೆ ಬರೆದದ್ದು ಮಾತ್ರ ಊರು.

ನಮ್ಮದಾದರೂ ಪರವಾಗಿಲ್ಲ, ಪಕ್ಕದ ಕೊಳ್ಳೇಗಾಲದ ಪಾಡು ಇನ್ನೂ ಕಷ್ಟ. ಆ ಕಡೆಯವರಿಗೆಲ್ಲ ಇದು ಗೊತ್ತು. ನಾನು ಇಂಜಿನಿಯರಿಂಗ್ ಸೇರಿದ ಮೊದಲ ವಾರವೇ ಹಾಸ್ಟೆಲಿನಲ್ಲಿ ಶುರುವಾಯ್ತು: "ಕೊಳ್ಳೇಗಾಲದ ಕಡೆಯವನಾ? ಹುಷಾರಪ್ಪಾ, ದಿಂಬಿನ ಕೆಳಗೆ ನಿಂಬೆಹಣ್ಣು ಇಟ್ಬಿಡ್ತಾನೆ!" ನಾಲ್ಕು ವರ್ಷ ಇದೇ ಜೋಕು. ರೇಷ್ಮೆ ನೇಯುವ ಊರು ಅದು, ರೇಷ್ಮೆ ವ್ಯಾಪಾರಕ್ಕೆ ಹೆಸರಾದದ್ದು. 1956ರ ರಾಜ್ಯ ಪುನರ್ವಿಂಗಡಣೆವರೆಗೂ ಮದ್ರಾಸ್ ಕಡೆಯ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಕನ್ನಡ ಉಳಿಸಿಕೊಂಡ ತಾಲೂಕು. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ, ಮಾದಪ್ಪನ ಕಂಸಾಳೆ, ನೀಲಗಾರರ ರಾತ್ರಿಯಿಡೀ ಹಾಡುವ ಕಥೆಗಳ ಸೀಮೆ. ಆದರೆ ಹೊರಗಿನವರಿಗೆ ಕೊಳ್ಳೇಗಾಲ ಅಂದರೆ ಮಾಟ.

ಇದನ್ನು ಇವತ್ತಿಗೂ ಜೀವಂತ ಇಟ್ಟಿರೋದು ಯಾರು? ಒಮ್ಮೆ ಹುಡುಕಿ ನೋಡಿ. ವಶೀಕರಣ, ಸ್ತ್ರೀ ಪುರುಷ ಆಕರ್ಷಣೆ, ಗಂಡ ಹೆಂಡತಿ ಕಲಹ, ಎರಡೇ ದಿನದಲ್ಲಿ ಪರಿಹಾರ, "ಕೊಳ್ಳೇಗಾಲದ ಪ್ರಸಿದ್ಧ ಮಾಂತ್ರಿಕರು". ಕೆಳಗಿನ ವಿಳಾಸ ನೋಡಿದರೆ ಬೆಂಗಳೂರಿನ ಯಾವುದೋ ಬಡಾವಣೆ. ಪತ್ರಿಕೆಯ ವರ್ಗೀಕೃತ ಜಾಹೀರಾತಿನಿಂದ ಶುರುವಾಗಿ ಈಗ ಜಾಲತಾಣ, ವೀಡಿಯೊ, ಮ್ಯಾಪಿನವರೆಗೂ ಬಂದಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ ನಮ್ಮ ವಿಧಾನಮಂಡಲ 2017ರಲ್ಲಿ ಮಸೂದೆ ಅಂಗೀಕರಿಸಿ, 2020ರಲ್ಲಿ ಕಾಯ್ದೆ ಜಾರಿಗೂ ಬಂತು. ಜಾಹೀರಾತು ಮಾತ್ರ ನಿಂತಿಲ್ಲ. ಕೊಳ್ಳೇಗಾಲದವರಿಗೆ ಯಾವುದು ಕೆಟ್ಟ ಹೆಸರೋ ಇವರಿಗೆ ಅದೇ ಬ್ರ್ಯಾಂಡು. ದಿನಾ ಬರೀತಾರೆ, ದಿನಾ ಹೊಸ ಪುಟ ಸೇರಿಸ್ತಾರೆ. ಅಲ್ಲಿನ ನೇಕಾರ ಮಗ್ಗದ ಮುಂದೆ ಕೂತಿದ್ದಾನೆ, ಪುಟ ಸೇರಿಸೋಕೆ ಅವನಿಗೆ ಎಲ್ಲಿ ಪುರುಸೊತ್ತು?

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. 1998ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್, ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ವೋಟಿನ ಹಾಗೆ ಎಣಿಸುವ ಲೆಕ್ಕ ಮುಂದಿಟ್ಟರು. ತೂಕದ ಪುಟ ಕೊಟ್ಟ ವೋಟಿಗೆ ಹೆಚ್ಚು ತೂಕ. ಆಮೇಲೆ ಆ ಲೆಕ್ಕಕ್ಕೆ ನೂರಾರು ಸೂತ್ರ ಸೇರಿವೆ, ಆದರೂ ಬುನಾದಿ ಒಂದೇ: ಯಂತ್ರಕ್ಕೆ ನಿಜ ಗೊತ್ತಿಲ್ಲ, ಯಾರು ಏನು ಬರೆದರು, ಯಾರು ಯಾರನ್ನು ತೋರಿಸಿದರು ಅನ್ನೋದು ಗೊತ್ತು. 2003ರಲ್ಲಿ ಅಮೆರಿಕದ ಕೆಲವು ಬ್ಲಾಗಿಗರು ಇದನ್ನೇ ಹಿಡಿದು ತಮಾಷೆ ಮಾಡಿದರು. "ಮಿಸರಬಲ್ ಫೇಲ್ಯೂರ್" ಅನ್ನೋ ಪದಗಳಿಂದ ಎಲ್ಲರೂ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಪರಿಚಯದ ಪುಟಕ್ಕೆ ಕೊಂಡಿ ಕೊಟ್ಟರು. ಆ ಪದ ಹುಡುಕಿದರೆ ಮೊದಲು ಬರೋದು ಶ್ವೇತಭವನದ ಪುಟ! ಗೂಗಲ್ ತನ್ನ ಲೆಕ್ಕ ತಿದ್ದಿ ಇದನ್ನು ನಿಲ್ಲಿಸಿದ್ದು 2007ರಲ್ಲಿ.

ಇದೇ ಯಂತ್ರ ನಮಗೂ ಒಮ್ಮೆ ಕಪಾಳಕ್ಕೆ ಹೊಡೆದದ್ದು ನಿಮಗೆ ನೆನಪಿರಬೇಕು. 2021ರ ಜೂನ್ ಮೊದಲ ವಾರ. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಚೌಕದೊಳಗೆ ದಪ್ಪಕ್ಷರದಲ್ಲಿ "ಕನ್ನಡ" ಅಂತ ಉತ್ತರ ಕೊಡ್ತಿತ್ತು. ಎಲ್ಲರೂ ಸಿಟ್ಟಾದರು. ಆಗ ಕನ್ನಡ ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಜೂನ್ 3ರಂದು ಗೂಗಲ್ ಉತ್ತರ ತೆಗೆದು ಕ್ಷಮೆ ಕೇಳಿತು, ಇದು ತನ್ನ ಅಭಿಪ್ರಾಯ ಅಲ್ಲ ಅಂದಿತು.

ಸಿಟ್ಟು ಸರಿಯೇ. ನಾನೂ ಸಿಟ್ಟಾದವನೇ, ಎರಡು ಸ್ಟೇಟಸ್ ಹಾಕಿದವನೇ. ಆದರೆ ಆ ಉತ್ತರ ಬಂದದ್ದು ಎಲ್ಲಿಂದ? ಸಾಲದ ಬಗ್ಗೆ ಇದ್ದ, ಭಾಷೆಗಳಿಗೂ ತನಗೂ ಸಂಬಂಧವೇ ಇಲ್ಲದ ಒಂದು ಜಾಲತಾಣದಿಂದ. ಆ ಪ್ರಶ್ನೆಗೆ ಲೋಕದಲ್ಲಿ ಬೇರೆ ಯಾರೂ ಉತ್ತರ ಬರೆದಿರಲಿಲ್ಲ, ಯಾಕಂದ್ರೆ ಬುದ್ಧಿ ಇರೋ ಯಾರೂ ಆ ಪ್ರಶ್ನೆ ಕೇಳೋದಿಲ್ಲ. ಖಾಲಿ ಬಿದ್ದಿದ್ದ ಜಾಗದಲ್ಲಿ ಒಂದೇ ಒಂದು ಕಳೆ ಬೆಳೆದಿತ್ತು, ಯಂತ್ರ ಅದನ್ನೇ ಕಿತ್ತು ತಂದು ಬೆಳೆ ಅಂತ ತಟ್ಟೆಗೆ ಹಾಕಿತು. ಸಾವಿರಾರು ಶಾಸನ, ಸಾವಿರ ವರ್ಷದ ಕಾವ್ಯ, ಎಂಟು ಜ್ಞಾನಪೀಠ ಅಂತ ನಾವು ಭಾಷಣದಲ್ಲಿ ಎಣಿಸ್ತೀವಿ; ಅವತ್ತು ಆ ಚೌಕದೊಳಗೆ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಅಂದ್ಕೋತೀರಿ, ಹಾಗಾದರೆ ಪರಿಹಾರ ಸುಲಭ, ಎಲ್ಲರೂ ಬ್ಲಾಗ್ ಬರೀರಿ ಅಂತ. ಈ ಮಾತನ್ನೇ ಮಾರುವ ದೊಡ್ಡ ವ್ಯಾಪಾರವೊಂದು ಇದೆ. ಆನ್‌ಲೈನ್ ರೆಪ್ಯುಟೇಶನ್ ಮ್ಯಾನೇಜ್‌ಮೆಂಟ್ ಅಂತಾರೆ. ಅವರ ಪಾಠ ಇಷ್ಟು: ನಿಮ್ಮ ಬಗ್ಗೆ ಬಂದ ಕೆಟ್ಟ ಮಾತನ್ನು ಅಳಿಸೋಕೆ ಆಗಲ್ಲ, ಆದರೆ ಕೆಳಕ್ಕೆ ತಳ್ಳಬಹುದು. ನಿಮ್ಮ ಹೆಸರಿನ ಡೊಮೈನ್ ತಗೊಳ್ಳಿ, ವಾರಕ್ಕೊಂದು ಬ್ಲಾಗ್ ಬರೀರಿ, ತಲೆಬರಹದಲ್ಲಿ ನಿಮ್ಮ ಹೆಸರು ಇರಲಿ, ಒಂದಕ್ಕೊಂದು ಕೊಂಡಿ ಕೊಡಿ. ಆರು ತಿಂಗಳಲ್ಲಿ ಮೊದಲ ಪುಟ ತುಂಬಾ ನೀವೇ. ಎರಡನೇ ಪುಟಕ್ಕೆ ಯಾರು ಹೋಗ್ತಾರೆ?

ಈ ಪಾಠ ಕೆಲಸ ಮಾಡುತ್ತೆ. ನನಗೆ ಗೊತ್ತು, ಯಾಕಂದ್ರೆ ನಾನೇ ಮಾಡಿದ್ದೀನಿ.

ಹಿಂದೆ ಒಂದು ಕಂಪನಿಯಲ್ಲಿದ್ದೆ. ಕೆಲಸ ಬಿಟ್ಟು ಹೋದ ಒಬ್ಬರು ರಿವ್ಯೂ ಹಾಕಿದ್ದರು: ಕೊನೆಯ ಸಂಬಳ ಬಂದಿಲ್ಲ, ಅನುಭವ ಪತ್ರಕ್ಕೆ ಅಲೆದಾಡಿಸ್ತಿದ್ದಾರೆ, ಮೇಲ್ ಮಾಡಿದರೆ ಉತ್ತರ ಇಲ್ಲ. ಬೈಗುಳ ಇರಲಿಲ್ಲ, ತಾರೀಖು ಸಮೇತ ಬರೆದಿದ್ದರು. ಕಂಪನಿ ಹೆಸರು ಹುಡುಕಿದರೆ ಅದೇ ಮೇಲೆ ಬರ್ತಿತ್ತು. ಎಚ್.ಆರ್.ನವರು ನಾವು ಆರು ಜನರನ್ನು ಮೀಟಿಂಗ್ ರೂಮಿಗೆ ಕರೆದರು. "ನೀವೆಲ್ಲ ಚೆನ್ನಾಗಿ ಬರೀತೀರಂತೆ, ನಮ್ಮ ಕಲ್ಚರ್ ಬಗ್ಗೆ ಬರೀರಿ" ಅಂದರು. ತಲೆಬರಹದಲ್ಲಿ ಬರಲೇಬೇಕಾದ ಪದಗಳ ಪಟ್ಟಿಯನ್ನೂ ಕೊಟ್ಟರು. ನಾನು ನಾಲ್ಕು ಬರೆದೆ. "ಇಲ್ಲಿ ನಾನು ಕಲಿತ ಐದು ಪಾಠಗಳು", "ಹಳ್ಳಿಯಿಂದ ಬಂದವನಿಗೆ ಸಿಕ್ಕ ಎರಡನೇ ಮನೆ", ಈ ಥರದ್ದು. ಹಳ್ಳಿ ಅನ್ನೋ ಪದ ಚೆನ್ನಾಗಿ ಓಡುತ್ತೆ ಅಂತ ಅವರೇ ಹೇಳಿದ್ದು. ಮೂರು ತಿಂಗಳಲ್ಲಿ ಆ ರಿವ್ಯೂ ಎರಡನೇ ಪುಟಕ್ಕೆ ಹೋಯ್ತು. ನಮಗೆ ಎರಡೆರಡು ಸಾವಿರ ರೂಪಾಯಿಯ ಗಿಫ್ಟ್ ವೋಚರ್ ಸಿಕ್ತು. ನಾನು ಅದರಲ್ಲಿ ಅಪ್ಪನಿಗೆ ಒಂದು ಸ್ವೆಟರ್ ತಗೊಂಡೆ.

ಒಂದೂವರೆ ವರ್ಷ ಆದಮೇಲೆ ನಾನೂ ಕೆಲಸ ಬಿಟ್ಟೆ. ಫೈನಲ್ ಸೆಟ್ಲ್‌ಮೆಂಟ್ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಮೇಲ್ ಮಾಡಿದರೆ ಉತ್ತರ ಇಲ್ಲ. ಆವಾಗ ಊರಲ್ಲಿ ಮನೆ ಮೇಲೆ ಮಾಡಿದ್ದ ಸಾಲದ ಕಂತು ನಡೀತಿತ್ತು. ಒಂದು ರಾತ್ರಿ, ಬೇರೆಯವರಿಗೂ ಹೀಗಾಗಿದೆಯಾ ನೋಡೋಣ ಅಂತ ಕಂಪನಿ ಹೆಸರಿನ ಜೊತೆ "ಸಂಬಳ" ಅಂತ ಸೇರಿಸಿ ಹುಡುಕಿದೆ. ಮೊದಲ ಪುಟದಲ್ಲಿ ನನ್ನದೇ ಲೇಖನಗಳು ಬಂದು ನಿಂತವು. ನನ್ನದೇ ಫೋಟೋ, ನನ್ನದೇ ನಗು, "ಎರಡನೇ ಮನೆ". ಮೊದಲೇ ಎಚ್ಚರಿಸಿದ್ದ ಆ ಮನುಷ್ಯನ ಮಾತು ಹುಡುಕೋಕೆ ನಾನು ಎರಡನೇ ಪುಟಕ್ಕೆ ಹೋಗಬೇಕಾಯ್ತು. ಅದನ್ನು ಅಲ್ಲಿಗೆ ತಳ್ಳಿದವರಲ್ಲಿ ನಾನೂ ಒಬ್ಬ. ನನಗಿಂತ ಮುಂಚೆ, ಅಥವಾ ನನ್ನ ಬರಹ ಓದಿ, ಎಷ್ಟು ಜನ ಆ ಕಂಪನಿ ಸೇರಿದರೋ ಗೊತ್ತಿಲ್ಲ. ದುಡ್ಡು ಐದನೇ ತಿಂಗಳಿಗೆ ಬಂತು. ಅದು ಬೇರೆ ಮಾತು.

ಅವತ್ತಿಂದ ನನಗೆ ಈ "ಹೆಸರು ಸರಿಪಡಿಸುವ ಬರವಣಿಗೆ"ಯ ಮೇಲೆ ಒಂದು ತಕರಾರು ಇದೆ. ಅದು ಸುಳ್ಳು ಬರೆಯಿರಿ ಅಂತ ಹೇಳೋದಿಲ್ಲ. ನಾನು ಬರೆದ ನಾಲ್ಕರಲ್ಲಿ ಒಂದು ವಾಕ್ಯವೂ ಪೂರ್ತಿ ಸುಳ್ಳಲ್ಲ. ನಾನು ಅಲ್ಲಿ ನಿಜವಾಗಿಯೂ ಕಲಿತಿದ್ದೆ. ಆದರೆ ಆ ಬರಹಕ್ಕೆ ಓದುಗ ಬೇಕಾಗಿರಲಿಲ್ಲ. ಅದು ಒಂದು ಜಾಗ ಹಿಡಿಯೋಕೆ ಬರೆದದ್ದು, ಬಸ್ಸಿನ ಸೀಟಿಗೆ ಹಾಕುವ ಟವೆಲ್ಲಿನ ಹಾಗೆ. ಟವೆಲ್ಲು ಹಾಕಿದ ಮೇಲೆ ನಿಂತುಕೊಂಡೇ ಬಂದ ಇನ್ನೊಬ್ಬನಿಗೆ ಜಾಗ ಇಲ್ಲ. ಅಲ್ಲಿ ಇನ್ನೊಬ್ಬ ಅಂದರೆ ಸಂಬಳ ಬರದ ಆ ಮನುಷ್ಯ.

ಹಾಗಂತ ಅಳಿಸಿ ಅಂತ ಕೇಳೋದೆಲ್ಲ ತಪ್ಪು ಅಂತಲ್ಲ. ಸ್ಪೇನಿನ ಒಬ್ಬರ ಹಳೇ ಸಾಲದ ಹರಾಜು ನೋಟಿಸ್ 1998ರ ಪತ್ರಿಕೆಯಲ್ಲಿ ಬಂದದ್ದು ಎಷ್ಟೋ ವರ್ಷದ ಮೇಲೂ ಅವರ ಹೆಸರಿಗೆ ಅಂಟಿಕೊಂಡಿತ್ತು. ಯುರೋಪಿನ ನ್ಯಾಯಾಲಯ 2014ರಲ್ಲಿ ಅಂಥದ್ದನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸುವ ಹಕ್ಕಿದೆ ಅಂತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ 2017ರ ಜನವರಿಯಲ್ಲಿ ಇದೇ ಮಾತು ಬಂತು. ತಂದೆಯೊಬ್ಬರು ಮಗಳ ಹೆಸರು ಕೋರ್ಟಿನ ಹಳೇ ಆದೇಶವೊಂದರ ಮೂಲಕ ಅಂತರ್ಜಾಲದಲ್ಲಿ ಸಿಗದಿರಲಿ ಅಂತ ಬೇಡಿಕೊಂಡಿದ್ದರು. ಹೆಣ್ಣುಮಕ್ಕಳ ಮಾನದ ಸೂಕ್ಷ್ಮ ಪ್ರಕರಣಗಳಲ್ಲಿ ಮರೆತುಹೋಗುವ ಹಕ್ಕು ಇರಬೇಕು ಅಂತ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಒಪ್ಪಿದರು. ಅದೇ ವರ್ಷ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪು ಬಂತು. ಆ ಅರ್ಜಿ ಹಾಕಿದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅಸಹಾಯಕರಿಗೆ ಮರೆವು ಬೇಕು. ಆದರೆ ಸಂಬಳ ಕೊಡದ ಕಂಪನಿಗೆ ಬೇಕಾದ್ದು ಮರೆವಲ್ಲ, ಸಂಬಳ ಕೊಡುವ ಬುದ್ಧಿ.

ಬಲ ಇದ್ದವರು ಅಳಿಸೋಕೆ ಹೊರಟರೆ ಏನಾಗುತ್ತೆ ಅನ್ನೋದಕ್ಕೂ ಕಥೆ ಇದೆ. 2003ರಲ್ಲಿ ಹಾಲಿವುಡ್ ತಾರೆ ಬಾರ್ಬ್ರಾ ಸ್ಟ್ರೈಸೆಂಡ್, ಕ್ಯಾಲಿಫೋರ್ನಿಯಾ ಕರಾವಳಿಯ ಸಾವಿರಾರು ಫೋಟೋಗಳಲ್ಲಿ ತಮ್ಮ ಮನೆಯೂ ಇದೆ ಅಂತ 5 ಕೋಟಿ ಡಾಲರಿನ ದಾವೆ ಹೂಡಿದರು. ಅದಕ್ಕೆ ಮುಂಚೆ ಆ ಫೋಟೋ ಇಳಿಸಿಕೊಂಡವರು ಆರೇ ಸಲ, ಅದರಲ್ಲೂ ಎರಡು ಅವರ ವಕೀಲರೇ. ಸುದ್ದಿಯಾದ ಮುಂದಿನ ತಿಂಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ದಾವೆಯೂ ಬಿದ್ದುಹೋಯ್ತು.

ಹಾಗಾದರೆ ಕೆಟ್ಟ ಹೆಸರು ಹೋಗೋದು ಹೇಗೆ? ನಮ್ಮ ಜಿಲ್ಲೆಯದೇ ಉದಾಹರಣೆ ಕೊಡ್ತೀನಿ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ಮಾತು ನಾನು ಹುಟ್ಟೋಕೆ ಮುಂಚಿನಿಂದ ಇತ್ತು. ಎಷ್ಟೋ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರಕ್ಕೆ ಬರದೇ ತಪ್ಪಿಸಿಕೊಂಡರು. ಇದೊಂದು ಮೂಢನಂಬಿಕೆ ಅಂತ ಬರೆದವರಿಗೆ ಬರವಿಲ್ಲ, ಸಂಪಾದಕೀಯಗಳೂ ಬಂದವು. ಏನೂ ಆಗಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದರು. ಮತ್ತೆ ಮತ್ತೆ ಬಂದರು. 2018ರಲ್ಲಿ ಐದು ವರ್ಷ ಪೂರ್ತಿ ಮುಗಿಸಿದರು, ದೇವರಾಜ ಅರಸರ ನಂತರ ಹಾಗೆ ಮುಗಿಸಿದ ಮೊದಲಿಗರು. ಅವರ ರಾಜಕೀಯ ಇಷ್ಟ ಆಗಲಿ ಬಿಡಲಿ, ಒಂದೂರಿನ ಮೇಲಿದ್ದ ಅಪವಾದ ಮುರಿದದ್ದು ಆ ಓಡಾಟ. ಬರಹಗಾರರಿಗೆ ಆಮೇಲೆ ಬರೆಯೋಕೆ ಒಂದು ಸಂಗತಿ ಸಿಕ್ಕಿತು.

ಮೊದಲು ಸಂಗತಿ, ಆಮೇಲೆ ಬರಹ. ಈ ಕ್ರಮ ತಲೆಕೆಳಗಾದರೆ ಅದು ಟವೆಲ್ಲು.

ಇಷ್ಟೆಲ್ಲ ಆದಮೇಲೆ ನನಗೆ ನಾನೇ ಮೂರು ಪ್ರಶ್ನೆ ಹಾಕಿಕೊಂಡಿದ್ದೀನಿ. ನಿಮ್ಮ ಹೆಸರಿಗೋ, ನಿಮ್ಮ ಅಂಗಡಿಗೋ, ನಿಮ್ಮೂರಿಗೋ ಒಳ್ಳೇ ಹೆಸರು ಬರಲಿ ಅಂತ ಬರೆಯೋಕೆ ಕೂತಾಗ ನೀವೂ ಕೇಳ್ಕೊಳ್ಳಿ. ಒಂದು, ಜನ ಆಡ್ತಿರೋ ಕೆಟ್ಟ ಮಾತನ್ನು ಈ ಬರಹ ಹೆಸರಿಟ್ಟು ಎತ್ತಿಕೊಂಡಿದೆಯಾ, ಅಥವಾ ಅದರ ಪಕ್ಕದಲ್ಲಿ ಸದ್ದಿಲ್ಲದೆ ಹಾದುಹೋಗಿದೆಯಾ? ಎರಡು, ಬೇರೆ ಯಾರೂ ಬರೆಯೋಕಾಗದ, ನನ್ನ ಕಣ್ಣಿಗೇ ಬಿದ್ದ ಒಂದಾದರೂ ವಿಷಯ ಇದರಲ್ಲಿದೆಯಾ? ಮೂರು, ಹುಡುಕುವ ಯಂತ್ರ ಅನ್ನೋದೇ ಇಲ್ಲದಿದ್ದರೂ ಇದನ್ನು ಬರೀತಿದ್ದೆನಾ? ನನ್ನ ಆ ನಾಲ್ಕು ಲೇಖನಗಳು ಮೂರರಲ್ಲೂ ಫೇಲು.

ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಆ ಟೀ ಬ್ರೇಕಿನ ಕಥೆ ಹೇಳಿದೆ. ಅಪ್ಪ ನಗಲಿಲ್ಲ. "ಅಲ್ಲ ಮೊಗ, ಟೇಸನ್ನು ನಮ್ಮೂರ್ಗ ಬರ್ಲಿ ಅಂತ ಜನ ಆಸ ಪಟ್ಟಿದ್ರು ಕಣ. ಈಗ ಅದ್ರಿಂದ್ಲೆ ಕೆಟ್ಟೆಸ್ರಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಸಂಸರು ಹುಟ್ಟಿದ್ದು ಇಲ್ಲೆ ಅಗರದಲ್ಲಿ ಅಂತ ಬರ್ದಿದ್ದಿಯಾ?" ಅಂತ ಕೇಳಿದರು.

ಬರೆದಿರಲಿಲ್ಲ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ ಇದೆಯಲ್ಲ, ವೀಕೆಂಡಿನಲ್ಲಿ ನೀವೆಲ್ಲ ಮೆಟ್ಟಿಲ ಮೇಲೆ ಕೂತು ನಾಟಕ ನೋಡೋದು, ಆ ಸಂಸ ನಮ್ಮ ಕಡೆಯವರು. 1898ರಲ್ಲಿ ಅಗರದಲ್ಲಿ ಹುಟ್ಟಿದರು. ಅಗರ, ಮಾಂಬಳ್ಳಿ ಎರಡನ್ನೂ ಜೋಡಿಸಿಯೇ ಕರೆಯೋದು. "ವಿಗಡ ವಿಕ್ರಮರಾಯ" ಬರೆದವರು. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆ ಅನ್ನೋ ಭಯದಲ್ಲೇ ನರಳಿ 1939ರಲ್ಲಿ ತಾವೇ ಜೀವ ಕಳಕೊಂಡವರು. ಅವರ ಸೀಮೆಯ ಹೆಸರು ಹುಡುಕಿದರೆ ಇವತ್ತು ಮೊದಲು ಸಿಗೋದು ಪೊಲೀಸ್ ಠಾಣೆ. ಇದನ್ನು ಓದಿದ್ದರೆ ಅವರು ಏನಂತಿದ್ದರೋ.

ಊರಿಂದ ಬಂದವನೇ ಒಂದು ಬರಹ ಬರೆದೆ. ಠಾಣೆಯ ಸಾಲಿನಿಂದಲೇ ಶುರು ಮಾಡಿದೆ, ಕಳ್ಳತನ ಮುಚ್ಚಿಡಲಿಲ್ಲ. ಸಂಸರ ವಿಷಯ, ಸುವರ್ಣಾವತಿ ಹೊಳೆ, ನನ್ನ ಅಜ್ಜಿ ರೇಷ್ಮೆಗೂಡು ಬಿಡಿಸ್ತಿದ್ದ ಕಥೆ ಬರೆದೆ. ಅದು ಈಗ ಹುಡುಕಿದರೆ ಏಳನೆಯದೋ ಎಂಟನೆಯದೋ ಆಗಿ ಬರುತ್ತೆ. ಮೇಲೆ ಆ ಬೈಕ್ ಕಳ್ಳತನ ಹಾಗೇ ಇದೆ. ಇರಲಿ, ಬೈಕ್ ಕಳಕೊಂಡವನಿಗೆ ಅದು ನಿಜ.

ಇನ್ನು ನನ್ನ ಹೆಸರು. ಹುಡುಕಿದರೆ ಇವತ್ತಿಗೂ ಮೊದಲು ಬರೋದು "ಹಳ್ಳಿಯಿಂದ ಬಂದವನಿಗೆ ಸಿಕ್ಕ ಎರಡನೇ ಮನೆ". ತೆಗೀರಿ ಅಂತ ಎರಡು ಸಲ ಮೇಲ್ ಮಾಡಿದೆ, ಉತ್ತರ ಇಲ್ಲ. ಅದಕ್ಕೇ ಇದನ್ನು ಅದೇ ಹೆಸರಿನಲ್ಲಿ ಬರೀತಿದ್ದೀನಿ. ಅದನ್ನು ಕೆಳಕ್ಕೆ ತಳ್ಳೋದು ಬೇಡ, ಪಕ್ಕದಲ್ಲಿ ಕೂತರೆ ಸಾಕು. ಓದಿದವರು ಎರಡನ್ನೂ ಓದಿ, ಆಮೇಲೆ ಎರಡನೇ ಪುಟಕ್ಕೂ ಒಂದು ಸಲ ಹೋಗಿ ಬರಲಿ.